ಬಟ್ಟಲು ಬಚ್ಚಿಟ್ಟ ಮೇಷ್ಟ್ರು

ವಾಂಡೋ ದ್ವೀಪ, ಮಂಗಳವಾರ

ಅಕ್ಕಾ,

ಈ ಮೀನುಗಾರರ ಊರಿಗೆ ವರ್ಗವಾದಾಗ "ನನಗೆ ಯಾರ ಹಂಗೂ ಬೇಡ" ಅಂತ ನಿನ್ನ ಮುಂದೆ ಜಂಬ ಕೊಚ್ಚಿದ್ದೆನಲ್ಲ, ಅದನ್ನು ಮರೆತುಬಿಡು. ಬಂದ ದಿನವೇ ಪಕ್ಕದ ಮನೆಯ ಓಕ್‌ಬುನ್ ಅಜ್ಜಿ ಒಂದು ಬಟ್ಟಲು ಕಿಮ್ಚಿ ಕೊಟ್ಟರು. ಖಾಲಿ ಬಟ್ಟಲು ವಾಪಸ್ ಕೊಡಬಾರದಲ್ಲ, ಕಿತ್ತಳೆ ತುಂಬಿ ಕೊಟ್ಟೆ. ಸಂಜೆ ಅದರಲ್ಲೇ ಹುರಿದ ಮೀನು ಬಂತು. ನಾನು ಬಿಸ್ಕತ್ತು ತುಂಬಿದೆ. ಮತ್ತೆ ಮೀನು! ಊರಿನ ಮಕ್ಕಳಿಗೆಲ್ಲ ಲೆಕ್ಕ ಕಲಿಸುವವನಿಗೆ ಇದನ್ನು ನಿಲ್ಲಿಸುವ ದಾರಿ ಹೊಳೆಯಲಿಲ್ಲ. ಕಡೆಗೆ ಬಟ್ಟಲನ್ನು ಕಪಾಟಿನಲ್ಲಿ ಬಚ್ಚಿಟ್ಟು, ಗೆದ್ದೆ ಅಂದುಕೊಂಡೆ. ಮಾರನೇ ದಿನವೇ ಜ್ವರ ಬಂದು ಮಲಗಿದೆ.

ಮೂರನೇ ದಿನ ಅಜ್ಜಿ ಬಾಗಿಲು ಬಡಿದರು. "ಏನ್ ಮೇಷ್ಟ್ರೇ, ನನ್ನ ಬಟ್ಟಲನ್ನೂ ತಿಂದ್ಬಿಟ್ರಾ?" ಅಂದವರು ನನ್ನ ಮುಖ ನೋಡಿ ಹಣೆ ಮುಟ್ಟಿದರು. "ಎರಡು ದಿನದಿಂದ ಬಟ್ಟಲು ಬರ್ಲಿಲ್ಲ, ಏನೋ ಆಗಿದೆ ಅಂತ ಆಗ್ಲೇ ಅಂದ್ಕೊಂಡೆ. ಬಾಯ್ ಮುಚ್ಕೊಂಡು ಮಲ್ಕೊಳ್ಳಿ" ಅಂತ ಗದರಿ, ಮನೆಗೆ ಹೋಗಿ ಬಿಸಿ ಗಂಜಿ ತಂದು ಕುಡಿಸಿದರು.

ಜ್ವರ ಬಿಟ್ಟಿದೆ, ಹೊಟ್ಟೆ ಮಾತ್ರ ಬೆಲ್ಟು ಮೀರಿದೆ. ನೀನು ಮಾಡುವ ಎಳ್ಳಿನ ಮಿಠಾಯಿ ಬೇಗ ಕಳಿಸು, ಸ್ವಲ್ಪ ಜಾಸ್ತಿಯೇ ಇರಲಿ. ಗಂಜಿ ಬಂದದ್ದು ಬೇರೆ ಬಟ್ಟಲಲ್ಲಿ. ಈಗ ನನ್ನ ಹತ್ತಿರ ಎರಡಿವೆ.

ನಿನ್ನ ತಮ್ಮ,
ದೊಕ್‌ಹ್ಯುನ್