ಹಳದಿ ಚುಕ್ಕೆಯ ಗಾಡಿ

ಸೋಮವಾರ, ಜೂನ್ ೩. ಬೆಳಗ್ಗೆ

ಇಂದು ಉಪವಾಸ. ನೀರು ಬಿಟ್ಟು ಬೇರೇನೂ ಇಲ್ಲ. ಎದ್ದು ಅಂಗಳ ಗುಡಿಸಿದೆ, ಪಾತ್ರೆ ತೊಳೆದೆ, ದೇವರ ಮುಂದೆ ದೀಪ ಹಚ್ಚಿ ಕೂತೆ. ಇವರ ಅಂಗಿ ನೆನೆಹಾಕಿದೆ. ಗ್ರೀಸು ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಅಂಗಿಯೇ ಹೋಗುತ್ತದೆ. ಆಮೇಲೆ ಅಂಗಡಿಯ ಷಟರ್ ಎತ್ತಿ, ರಿಪೇರಿಗೆ ಬಂದ ಪಂಪುಗಳನ್ನೆಲ್ಲ ಒಂದು ಬದಿಗೆ ತಳ್ಳಿದ್ದಾಯಿತು. ಹೊಸ ಗಾಡಿ ನಿಲ್ಲಬೇಕಲ್ಲ.

ಫೋರ್ ವೀಲ್ ಪಿಕಪ್, ನಾಲ್ಕೂ ಚಕ್ರ ಸೇರಿ ಎಳೆಯುವಂಥದ್ದು. ಹಳೆಯದು ಗುಡ್ಡ ಹತ್ತುತ್ತಿರಲಿಲ್ಲ. ಪಂಪು, ಪೈಪು, ಚೈನು, ರಾಟೆ — ಎಲ್ಲ ಬುಡದಲ್ಲೇ ಇಳಿಸಿ ಹೊತ್ತುಕೊಂಡು ಹೋಗಬೇಕು. ಗುಡ್ಡದ ಮೇಲೆ ದನಗಳ ಫಾರ್ಮ್ ಇಟ್ಟಿರುವ ಯಜಮಾನಿ — ಫಾರ್ಮಮ್ಮ ಎನ್ನುತ್ತೇವೆ — ಹೋದ ವರ್ಷ ಇವರ ಎದುರಿಗೇ ನನಗೆ ಹೇಳಿದರು: "ನಿಮ್ಮ ಯಜಮಾನ್ರ ಕೈ ಚಿನ್ನ ಕಣಮ್ಮ. ಆದ್ರೆ ಆ ಚಿನ್ನ ಗುಡ್ಡದ ಬುಡದಲ್ಲೇ ಕೂತ್ಬಿಡುತ್ತೆ." ಅವತ್ತಿನಿಂದ ಇವರಿಗೆ ಹೊಸ ಗಾಡಿಯದೇ ಧ್ಯಾನ.

ಗಾಡಿ ನನ್ನ ಹೆಸರಿನಲ್ಲಿದೆ. ಪ್ರೀತಿಗಲ್ಲ. ಇವರ ಸಹಿ ಒಂದು ಸಲ ಹಾಕಿದ ಹಾಗೆ ಇನ್ನೊಂದು ಸಲ ಬರುವುದಿಲ್ಲ. ಬ್ಯಾಂಕಿನವರು ಸುಸ್ತಾಗಿ "ಅಮ್ಮನವರು ಹಾಕಲಿ" ಎಂದರು.

ಅದೇ ದಿನ, ಮಧ್ಯಾಹ್ನ

ಬಂತು. ಬಿಳಿ ಬಣ್ಣ. ಸೀಟು ನನ್ನ ಎದೆಮಟ್ಟ. ಇದಕ್ಕೆ ಹತ್ತುವುದು ಹೇಗೆ? ಕೊನೆಗೆ ಅಡುಗೆಮನೆಯ ಸ್ಟೂಲು ತರಿಸಿ ಹತ್ತಿದೆ. ಮಗಳು ನಕ್ಕೂ ನಕ್ಕೂ ಕೆಮ್ಮಿದಳು.

ತಂದುಕೊಟ್ಟ ಷೋರೂಮಿನವನು ಈ ಸೆಕೆಯಲ್ಲೂ ಟೈ ಕಟ್ಟಿಕೊಂಡಿದ್ದ. ಮಗಳು ಆಗಲೇ ಹೆಸರಿಟ್ಟಾಯಿತು, ಟೈಯಪ್ಪ. ಹಾಡು ಹಾಕುವುದು ಹೇಗೆ, ಗಾಜು ಇಳಿಸುವುದು ಹೇಗೆ ಎಂದು ಬಾಯಿ ತುಂಬ ಹೇಳಿದ. ಗೇರಿನ ಪಕ್ಕದ ಗಿಡ್ಡ ಕೋಲು ಯಾಕೆ ಎಂದು ಕೇಳಿದೆ. "ಅದು ಟೂ ವೀಲ್, ಫೋರ್ ವೀಲ್ ಬದಲಾಯಿಸಕ್ಕೆ ಮೇಡಂ. ಯಾವಾಗ ಹಾಕ್ಬೇಕು ಅಂತೆಲ್ಲ ಬುಕ್ಕಲ್ಲಿದೆ."

ಇವರಿಗೆ ಬಂತು ಸಿಟ್ಟು. "ಮೂವತ್ತು ವರ್ಷದಿಂದ ಮೆಷಿನ್ ಹೊಟ್ಟೇಲೇ ಕೈ ಇಟ್ಕೊಂಡು ಕೂತಿದ್ದೀನಿ. ನಂಗೆ ಬುಕ್ಕಾ?"

ಬುಕ್ಕು ಪ್ಲಾಸ್ಟಿಕ್ ಕವರ್ ಸಮೇತ ಒಳಗೆ ಹೋಯಿತು. ಇನ್ನು ಹೊರಗೆ ಬರುವುದಿಲ್ಲ.

ಗುರುವಾರ, ಜೂನ್ ೬

ಬೆನ್ನು ನೋವು. ಸೀಟೋ, ಹಲಗೆಯೋ! ಬೆಲ್ಟು ಹಾಕದಿದ್ದರೆ ಕೂಗುತ್ತದೆ. ಬಾಗಿಲು ಸರಿಯಾಗಿ ಹಾಕದಿದ್ದರೆ ಕೂಗುತ್ತದೆ. ಸೀಟಿನ ಮೇಲೆ ಈರುಳ್ಳಿ ಚೀಲ ಇಟ್ಟರೆ, ಅದಕ್ಕೂ ಬೆಲ್ಟು ಹಾಕು ಎಂದು ಕೂಗುತ್ತದೆ. ಹಾಕಿದೆ. ಏನು ಮಾಡಲಿ.

ಇವರು ಪೇಟೆಗೆ ಹೋಗಲೂ ಗಿಡ್ಡ ಕೋಲನ್ನು ಫೋರ್‌ನಲ್ಲೇ ಇಡುತ್ತಾರೆ. ನುಣ್ಣನೆಯ ಟಾರು ರಸ್ತೆಗೆ ಯಾಕೆ ಎಂದೆ. "ನಾಲ್ಕಕ್ಕೆ ದುಡ್ಡು ಕೊಟ್ಟು ಎರಡರಲ್ಲಿ ಓಡ್ಸಕ್ಕೆ ನಂಗೇನು ತಲೆ ಕೆಟ್ಟಿದ್ಯಾ?"

ತಿರುವಿನಲ್ಲಿ ಗಾಡಿ ನರಳುತ್ತದೆ. ಹಟ ಹಿಡಿದ ಮಗುವನ್ನು ಕೈ ಹಿಡಿದು ಎಳೆದಂತೆ, ಜಗ್ಗಿ ಜಗ್ಗಿ ತಿರುಗುತ್ತದೆ. ಹೊಸ ಗಾಡಿ ಹೀಗಾ?

ಬುಧವಾರ, ಜೂನ್ ೧೨

ಒಂದು ಒಳ್ಳೆಯ ದಿನ. ಬರೆದಿಡಬೇಕು.

ಮಳೆಯಾಗಿತ್ತು. ಗುಡ್ಡದ ದಾರಿ ಬರೀ ಕೆಸರು. ಹಿಂದೆ ಎರಡು ಪಂಪು, ಅಷ್ಟೂ ಪೈಪು. ನಾನು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತವಳು ಕಣ್ಣು ತೆರೆದಾಗ ಫಾರ್ಮಿನ ಗೇಟು. ಒಂದು ಸಲವೂ ಜಾರಲಿಲ್ಲ. ಫಾರ್ಮಮ್ಮ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಅಯ್ಯೋ, ಮೇಲೇ ಬಂದ್ಬಿಟ್ರಾ! ಇನ್ನು ನಾನು ಬೈಯ್ಯೋದು ಯಾರಿಗೆ?"

ಇವರ ಮೀಸೆ ಅಲುಗಿತು. ಸೀಟಿನಲ್ಲಿ ಕೂತೇ ದೇವರಿಗೆ ಕೈಮುಗಿದೆ.

ಮಂಗಳವಾರ, ಜೂನ್ ೧೮

ಮೊದಲ ಸರ್ವೀಸು, ಷೋರೂಮಿನಲ್ಲೇ. ಇವರು ಗಾಡಿಯನ್ನೂ ನನ್ನನ್ನೂ ಅಲ್ಲಿ ಬಿಟ್ಟು ಸಾಮಾನು ತರಲು ಪೇಟೆಗೆ ಹೋದರು. ಕೆಲಸ ಮಾಡಿದ ಫಿಟ್ಟರು ವಯಸ್ಸಾದವರು, ಮೆಲುಮಾತಿನವರು. ನಾನು ಸ್ಟೂಲು ಇಟ್ಟು ಇಳಿಯುವುದನ್ನು ನೋಡಿ ಒಂದು ಕಬ್ಬಿಣದ ಮೆಟ್ಟಿಲು ಮಾಡಿ ಬೋಲ್ಟು ಹಾಕಿ ಕೊಟ್ಟರು. ಕೇಳಿಯೂ ಇರಲಿಲ್ಲ. ಕೆಲಸ ಮುಗಿಯುವ ತನಕ ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ.

ಟಾರು ರಸ್ತೆಯ ತಿರುವಿನಲ್ಲಿ ನರಳುತ್ತದೆ ಎಂದಿದ್ದೆ. ಹೊರಡುವಾಗ ಅಂದರು, "ಅಮ್ಮಾವ್ರೆ, ಯಜಮಾನ್ರಿಗೆ ಹೇಳಿ. ಫೋರ್ ಏನಿದ್ರೂ ಕೆಸರಿಗೆ, ಮರಳಿಗೆ. ಟಾರ್ ರೋಡಲ್ಲಿ ಹಾಕಿದ್ರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಜಗಳ. ನರಳೋದು ಅದಕ್ಕೇ. ಗಾಡಿಗೇನೂ ರೋಗ ಇಲ್ಲ."

ಮನೆಗೆ ಬಂದು ಹೇಳಿದೆ. ಹೇಳಬಾರದಿತ್ತೋ ಏನೋ, ಹೇಳಿದ ರೀತಿ ಸರಿಯಿರಲಿಲ್ಲವೋ.

"ನಟ್ಟು ತಿರುಗ್ಸೋನು ನಂಗೆ ಪಾಠ ಹೇಳ್ತಾನಾ? ಮೆಷಿನ್ ನರಳಿದ್ರೆ ಒಳಗೆ ಒಣಗಿದೆ ಅಂತ ಅರ್ಥ. ಕಂಪನಿಯೋರು ನೀರಿನಂಥ ಆಯಿಲ್ ಹಾಕಿರ್ತಾರೆ, ಉಳಿಸಕ್ಕೆ."

ಗುರುವಾರ, ಜೂನ್ ೨೦. ಸಂಜೆ

ಬೇಡ ಎಂದೆ. ಕೇಳಲಿಲ್ಲ. ಮಧ್ಯಾಹ್ನ ಅಂಗಡಿ ಹಿಂದಿನ ಶೆಡ್ಡಿನಲ್ಲಿ ಗಾಡಿಯಡಿ ನುಗ್ಗಿದರು. "ಟಾರ್ಚ್ ಹಿಡಿ" ಎಂದರು. ಹಿಡಿದೆ.

ಇವರು ಕೈ ಹಾಕಿದ್ದು ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಡಬ್ಬಿಗಂತೆ. ಬಿಚ್ಚಿ ಆಯಿಲ್ ಇಳಿಸಿದರು. ಕೆಂಪಗೆ, ತೆಳ್ಳಗೆ ಸುರಿಯಿತು. "ನೋಡಿದ್ಯಾ? ಶರಬತ್ತು!" ನಮ್ಮ ಅಂಗಡಿಯ ದಪ್ಪ ಆಯಿಲ್ ತುಂಬಿದರು, ಪಂಪಿನ ಗೇರಿಗೆ ಹಾಕುವುದು. ಈ ಮನೆಯಲ್ಲಿ ಎಲ್ಲದಕ್ಕೂ ಅದೇ ಮದ್ದು. ಬಾಗಿಲ ಕೀಲಿಗೂ ಅದೇ, ಹೊಲಿಗೆ ಮೆಷಿನ್ನಿಗೂ ಅದೇ.

ಮುಚ್ಚಿ, ಒರೆಸಿ, ಕೈ ಚಾಚಿದರು. ನಾನು ಬ್ರಷ್ ಕೊಟ್ಟೆ. ಇವರ ಕೈಯಲ್ಲಿ ರಿಪೇರಿಯಾದ ಪ್ರತಿ ಪಂಪಿಗೂ ಒಂದು ಹಳದಿ ಚುಕ್ಕೆ. ನಮ್ಮ ಅಂಗಡಿಯ ಗುರುತು ಅದು. ಸೆಕೆಂಡ್ ಹ್ಯಾಂಡ್ ಪಂಪು ಕೊಳ್ಳುವವರು ಮೊದಲು ಚುಕ್ಕೆ ಇದೆಯಾ ಎಂದು ನೋಡುತ್ತಾರೆ. ಗಾಡಿಯ ಡಬ್ಬಿಗೂ ಇಟ್ಟುಬಿಟ್ಟರು. ಇವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಕೈಗೆ ಅಭ್ಯಾಸ.

ಶನಿವಾರ, ಜೂನ್ ೨೨

ನರಳುವುದು ಸ್ವಲ್ಪ ಕಡಿಮೆಯಾದ ಹಾಗಿದೆ. ಅಥವಾ ಇವರೇ ತಿರುವಿನಲ್ಲಿ ಮೆಲ್ಲಗೆ ಹೋಗುತ್ತಿದ್ದಾರೆ. "ಹೆಂಗೆ?" ಎಂದು ದಾರಿಯುದ್ದಕ್ಕೂ ಕೇಳುತ್ತಾರೆ. ಹೂಂ ಎಂದೆ. ಎಷ್ಟು ಸಲ ಅನ್ನಲಿ.

ಶನಿವಾರ, ಜೂನ್ ೨೯

ಗುಡ್ಡದ ಅರ್ಧದಲ್ಲಿ ಗಾಡಿಯ ಹೊಟ್ಟೆಯೊಳಗೆ ಬೀಸುವ ಕಲ್ಲಿಗೆ ಮೊಳೆ ಸಿಕ್ಕಿದಂತೆ ಶಬ್ದ. ಆಮೇಲೆ ಢಬ್ಬೆಂದಿತು. ಆಮೇಲೆ ಏನೂ ಇಲ್ಲ. ಎಂಜಿನ್ ಓಡುತ್ತದೆ, ಗಾಡಿ ಓಡುವುದಿಲ್ಲ.

ಫಾರ್ಮಮ್ಮನ ಟ್ರ್ಯಾಕ್ಟರ್ ಬಂದು ಹಗ್ಗ ಕಟ್ಟಿ ಷೋರೂಮಿನ ತನಕ ಎಳೆಯಿತು. ಅವರೇ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಬಂದಿದ್ದರು. "ಹೊಸ ಸೊಸೆ ತಿಂಗಳಲ್ಲೇ ತವರಿಗೆ ಹೊರಟ್ಲಾ?" ಇವರು ನೆಲ ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಇವರು ನೆಲ ನೋಡಿದ್ದು ನಾನು ನೋಡಿರಲಿಲ್ಲ.

ಸೋಮವಾರ, ಜುಲೈ ೧

ಉಪವಾಸ. ಖಾಲಿ ಹೊಟ್ಟೆಯಲ್ಲೇ ಷೋರೂಮಿಗೆ ಹೋಗಬೇಕಾಯಿತು.

ಡಬ್ಬಿ ಬಿಚ್ಚಿಟ್ಟಿದ್ದರು. ಒಳಗೆಲ್ಲ ನುಚ್ಚು. ತೆಳ್ಳಗಿನ ಆಯಿಲ್ ಇರಬೇಕಾದಲ್ಲಿ ದಪ್ಪದ್ದು ಇತ್ತು, ಮೇಲಿನ ಗೇರುಗಳಿಗೆ ಹತ್ತಲೇ ಇಲ್ಲ, ಒಣಗಿ ಸುಟ್ಟುಹೋದವು ಎಂದರು. ಟೈಯಪ್ಪ ಬೆರಳಿಟ್ಟು ತೋರಿಸಿದ. "ಇದೇನು ಸರ್, ಹಳದಿ ಚುಕ್ಕೆ? ಕಂಪನಿ ಗುರುತಲ್ಲ ಇದು. ಹೊರಗೆ ಎಲ್ಲಾದ್ರೂ ಬಿಚ್ಚಿಸಿದ್ರಾ?"

ಇವರು ಅಷ್ಟು ಜನರ ಮುಂದೆ, "ಯಾರೂ ಮುಟ್ಟಿಲ್ಲ" ಎಂದುಬಿಟ್ಟರು.

ಇವರ ಬಾಯಲ್ಲಿ ಸುಳ್ಳು! ಗಿರಾಕಿಗೆ "ನಿನ್ನ ಪಂಪು ಕೆಟ್ಟಿಲ್ಲ, ಸ್ವಿಚ್ಚು ಹಾಕಿಲ್ಲ ಅಷ್ಟೇ" ಎಂದು ವಾಪಸ್ ಕಳಿಸುವ ಮನುಷ್ಯ.

"ಹಾಗಾದ್ರೆ ಸರ್ವೀಸ್ ಮಾಡಿದೋರೇ ತಪ್ಪು ಆಯಿಲ್ ಹಾಕಿರ್ಬೇಕು" ಎಂದ ಟೈಯಪ್ಪ. ಫಿಟ್ಟರು ಅಲ್ಲೇ ನಿಂತಿದ್ದರು. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು, ಬಿಚ್ಚಿದರು, ಮಡಚಿದರು. "ನಾನು ಅದರ ಹತ್ರಾನೇ ಹೋಗಿಲ್ಲ ಸರ್."

ಟೈಯಪ್ಪ ನನ್ನ ಕಡೆ ತಿರುಗಿದ. "ಮೇಡಂ, ಓನರ್ ನೀವು. ನೀವೇ ಒಂದು ಉತ್ತರ ಬರೆದುಕೊಡಿ. ಹೊರಗೆ ಬಿಚ್ಚಿಲ್ಲ ಅಂತ ಒಂದೇ ಸಾಲು. ಕಂಪನಿ ಹೊಸ ಡಬ್ಬಿ ಹಾಕುತ್ತೆ, ಒಂದು ಪೈಸೆ ಬೇಡ. ಬಿಚ್ಚಿದ್ದು ಹೌದು ಅಂದ್ರೆ ಅದು ನಿಮ್ಮ ತಲೆ ಮೇಲೆ."

ಯೋಚಿಸಿ ಬರೆಯುತ್ತೇನೆ ಎಂದೆ. ಇವರು ನನ್ನನ್ನು ನೋಡಿದ ನೋಟ...

ಮಂಗಳವಾರ, ಜುಲೈ ೨

"ಬರಿ."

"ಟಾರ್ಚ್ ಹಿಡಿದೋಳು ನಾನು ರೀ."

"ಹಿಡಿದೋಳು ಬಿಚ್ಚಿದೋಳಲ್ಲ."

"ಕಣ್ಣಿತ್ತಲ್ಲ ನಂಗೆ?"

"ನಿಂಗೆ ನಿನ್ನ ದೇವರು ದೊಡ್ಡೋನು. ಗಂಡ ಏನಾದ್ರೂ ಆಗ್ಲಿ."

ಅಂಗಡಿಗೆ ಹೋಗಿ ಕೂತೆ. ಎರಡು ಫೋನು ಬಂದವು, ಎರಡೂ ದೂರದ ಕೆಲಸ. ಗಾಡಿಯಿಲ್ಲ ಎಂದೆ. "ಆಯ್ತು, ಬೇರೆಯವರನ್ನ ಕರೀತೀವಿ."

ಗುರುವಾರ, ಜುಲೈ ೪

ಮಾತಿಲ್ಲ. ಎಲ್ಲ ಮಗಳ ಮೂಲಕ. ನಿಮ್ಮಪ್ಪನಿಗೆ ಊಟಕ್ಕೆ ಹೇಳು. ನಿಮ್ಮಮ್ಮನಿಗೆ ಹಸಿವಿಲ್ಲ ಅಂತ ಹೇಳು. ಮಗಳು ಸೌಟು ಇಟ್ಟು ನಿಂತಳು. "ಇಬ್ರೂ ಒಂದೇ ಕೋಣೇಲಿದ್ದೀರಿ. ನಾನೇನು ಪೋಸ್ಟ್ ಆಫೀಸಾ?"

ಸಂಜೆ ಇವರು ಬಾಗಿಲ ಹತ್ತಿರ ನಿಂತು, ನನ್ನ ಕಡೆ ನೋಡದೆ ಅಂದರು. "ತನ್ನ ಗಾಡೀನೇ ಹಾಳು ಮಾಡ್ಕೊಂಡೋನು ಅಂತ ಗೊತ್ತಾದ್ರೆ ನಾಳೆಯಿಂದ ಯಾರು ತಮ್ಮ ಪಂಪ್ ಕೊಡ್ತಾರೆ ನನ್ ಕೈಗೆ? ಅಷ್ಟು ಯೋಚ್ನೆ ಮಾಡು."

ಮಾಡಿದೆ. ಅದೂ ನಿಜ. ಆ ಕೈಯೇ ಈ ಮನೆಯ ಅನ್ನ. ದೇವರ ಮುಂದೆ ಕೂತರೆ ಪ್ರಾರ್ಥನೆ ಬರುವುದಿಲ್ಲ, ಡಬ್ಬಿಯೇ ಬರುತ್ತದೆ. ಇದೆಂಥ ಗಾಡಿ ತಂದೆವೋ. ಹಳೆಯದು ಗುಡ್ಡ ಹತ್ತದಿದ್ದರೂ ಮನೆಯೊಳಗೆ ನುಗ್ಗಿರಲಿಲ್ಲ.

ಶುಕ್ರವಾರ, ಜುಲೈ ೫

ಫಿಟ್ಟರ ಫೋನು. ನನ್ನ ಉತ್ತರ ಬರುವ ತನಕ ಕೆಲಸಕ್ಕೆ ಬರಬೇಡ ಎಂದಿದ್ದಾರಂತೆ.

"ನೀವು ಬೆಂಚಿನ ಮೇಲೇ ಕೂತಿದ್ರಲ್ಲ ಅಮ್ಮಾವ್ರೆ. ನಾನು ಆ ಡಬ್ಬಿ ಮುಟ್ಟಿದ್ದು ನೋಡಿದ್ರಾ?"

ಬೈದಿದ್ದರೆ ವಾಸಿಯಿತ್ತು. ಮೆಲ್ಲಗೆ ಕೇಳಿದರು.

"ಇಲ್ಲ ಅಣ್ಣ."

"ಅಷ್ಟು ಬರೆದ್ರೆ ಸಾಕು."

ಫೋನ್ ಇಟ್ಟರು. ಇವರು ಅಲ್ಲೇ ಮೋಟಾರಿನ ತಂತಿ ಸುತ್ತುತ್ತಿದ್ದರು. ಕೈ ನಿಂತಿತು. ಆಮೇಲೆ ಮತ್ತೆ ಸುತ್ತಿದರು, ತಪ್ಪಿತು, ಬಿಚ್ಚಿದರು.

ಸೋಮವಾರ, ಜುಲೈ ೮. ಬೆಳಗ್ಗೆ

ಉಪವಾಸ. ದೀಪ ಹಚ್ಚಿ, ಕಾಗದ ತೆಗೆದುಕೊಂಡು ಕೂತೆ. ಇವತ್ತು ಬರೆಯದಿದ್ದರೆ ಇನ್ನು ಬರೆಯುವುದಿಲ್ಲ.

ಬರೆದೆ: ಗಾಡಿಯ ಡಬ್ಬಿಯ ನಟ್ಟು ಬಿಚ್ಚಿ ನಾವೇ ನಮ್ಮ ಆಯಿಲ್ ಹಾಕಿದೆವು. ಚುಕ್ಕೆಯೂ ನಮ್ಮದೇ. ಫಿಟ್ಟರದು ಏನೂ ತಪ್ಪಿಲ್ಲ, ಅವರು ಅದನ್ನು ಮುಟ್ಟಲಿಲ್ಲ, ನಾನು ನೋಡುತ್ತಿದ್ದೆ.

ಬಚ್ಚಿಡಲಿಲ್ಲ. ಅಂಗಡಿ ಟೇಬಲ್ಲಿನ ಮೇಲೆ ಇಟ್ಟು, ಹಾರದಂತೆ ಸ್ಪ್ಯಾನರ್ ಹೇರಿ, ಅಂಗಿ ಒಣಹಾಕಲು ಹೋದೆ. ಕ್ಲಿಪ್ಪೆಲ್ಲ ಕೆಳಗೆ ಬಿದ್ದವು.

ಅದೇ ದಿನ, ಹನ್ನೊಂದು ಗಂಟೆ

ಇವರು ಕರೆದರು. ನೇರವಾಗಿ, ಮಗಳ ಮೂಲಕ ಅಲ್ಲ. ಕನ್ನಡಕ ಹಾಕಿಕೊಂಡು ಕಾಗದ ಹಿಡಿದಿದ್ದರು.

"ಏನೇ ಇದು, ನಟ್ಟು ಅಂತ ಬರೆದಿದ್ದೀಯ?"

ಹತ್ತಿರ ಹೋಗಿ ಕಾಗದ ನೋಡಿದೆ.

"ಅದು ನಟ್ಟಲ್ಲ, ಪ್ಲಗ್. ಕೆಳಗಿಂದು ಆಯಿಲ್ ಇಳಿಸೋದು, ಮೇಲಿಂದು ತುಂಬೋದು. ಚುಕ್ಕೆ ಇಟ್ಟಿದ್ದು ಮೇಲಿಂದಕ್ಕೆ. ಓದಿದೋರು ಏನಂದ್ಕೋತಾರೆ? ಈ ಅಂಗಡೀಲಿ ನಟ್ಟು ಯಾವುದು ಪ್ಲಗ್ ಯಾವುದು ಅಂತಾನೂ ಗೊತ್ತಿಲ್ಲ ಅಂತ."

"ತಿದ್ದಿ ಬರೀತೀನಿ."

"ಬರಿ. ಆಮೇಲೆ ಇದೇನು, ನಾವೇ ಹಾಕಿದೆವು, ನಮ್ಮ ಆಯಿಲ್? ನೀನು ಯಾವಾಗ ಹಾಕ್ದೆ? ಬೇಡ ಅಂದೋಳು ನೀನು. ನನ್ನ ಗಂಡ ಹಾಕಿದರು ಅಂತ ಬರಿ."

ಕನ್ನಡಕ ತೆಗೆದು ಅಂಗಿ ತುದಿಯಲ್ಲಿ ಒರೆಸಿದರು. ತುಂಬ ಹೊತ್ತು ಒರೆಸಿದರು. ಗ್ರೀಸು ಅಂಟಿ ಇನ್ನಷ್ಟು ಮಬ್ಬಾಯಿತು.

ಹೊಸ ಕಾಗದಕ್ಕೆ ಬರೆದೆ. ಇವರು ಪಕ್ಕದಲ್ಲಿ ನಿಂತು ಹೇಳಿದರು, ಯಾವ ಪ್ಲಗ್ಗು, ಯಾವ ಆಯಿಲ್ಲು, ಎಷ್ಟು ಹಾಕಿದ್ದು ಎಲ್ಲ. ಟಾರ್ಚ್ ವಿಷಯ ಬೇಡ ಎಂದರು. ಅದನ್ನು ಮಾತ್ರ ನಾನು ಕೇಳಲಿಲ್ಲ, ಬರೆದೆ.

ಟೈಯಪ್ಪನಿಗೆ ಫೋನ್ ಮಾಡಿದೆ. ಉತ್ತರ ತಂದುಕೊಡಿ ಮೇಡಂ ಎಂದ. ಹೇಗಪ್ಪ ತರೋದು ಎಂದೆ, ಗಾಡಿ ನಿಮ್ಮ ಹತ್ತಿರವೇ ಬಿಚ್ಚಿಕೊಂಡು ಕೂತಿದೆ. ಯಾರನ್ನಾದರೂ ಕಳಿಸು. ಬೇರೆ ಯಾರನ್ನೋ ಬೇಡ, ಆ ಫಿಟ್ಟರ್ ಅಣ್ಣನನ್ನೇ ಕಳಿಸು. ಇವತ್ತೇ ಬರಲಿ. ಇವರೂ ಅಂಗಡಿಯಲ್ಲೇ ಇರುತ್ತಾರೆ. ನನ್ನ ಉತ್ತರ ಆ ಅಣ್ಣನೇ ತೆಗೆದುಕೊಂಡು ಹೋಗಲಿ, ಬೇಕಾದರೆ ಮೊದಲು ಓದಿಕೊಂಡು ಆಮೇಲೆ ನಿನಗೆ ಕೊಡಲಿ ಎಂದೆ.