ಮನೆ ಮೇಲೆದ್ದ ದಿನ

ನಮ್ಮ ಮನೆ,
ಜುಲೈ ಆರು, ಭಾನುವಾರ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಹಡಗಿನ ಅಡುಗೆಮನೆಯ ಬಿಸಿಗೆ ಮೈತುಂಬ ಬೆವರುಸಾಲೆ ಎದ್ದಿದೆ ಎಂದಿದ್ದಿರಲ್ಲ, ಕಡಿಮೆಯಾಯಿತೇ? ಎಲ್ಲರಿಗೂ ಬಡಿಸಿ ನೀವು ಮಾತ್ರ ನಿಂತುಕೊಂಡೇ ಉಣ್ಣಬೇಡಿ. ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ಈಗ ಎಲ್ಲಾದರೂ ಕೂತುಕೊಂಡು ಓದಿ: ನಮ್ಮ ಮನೆ ನಾಲ್ಕು ಅಡಿ ಮೇಲೆ ಹೋಗಿದೆ!

ಮನೆ ಮಾರಿಬಿಡು ಎಂದು ಹೇಳಿ ಹೋದಿರಲ್ಲ, ಬ್ರೋಕರ್ ಒಬ್ಬರಾದ ಮೇಲೆ ಒಬ್ಬರನ್ನು ಕರೆತಂದ. ಬಂದವರೆಲ್ಲ ಅಡುಗೆಮನೆ ಹೊಗಳಿದರು, ಗೋಡೆಯ ಮೇಲೆ ನೀರು ನಿಂತ ಗೆರೆ ಕಂಡದ್ದೇ ಚಪ್ಪಲಿ ಮೆಟ್ಟಿದರು. ಬಣ್ಣ ಬಳಿದರೂ ಆ ಗೆರೆ ಹಲ್ಲು ಕಿರಿಯುತ್ತದೆ. ಮಳೆ ಮೊದಲಿನ ಹಾಗಿಲ್ಲ, ಒಂದೇ ಮಧ್ಯಾಹ್ನ ಸುರಿದು ಬೀದಿಯನ್ನು ಕೆರೆ ಮಾಡುತ್ತದೆ. ಈ ಬೀದಿಯ ಮನೆಗಳಿಗೆ ಸಾಲ ಕೊಡಲು ಬ್ಯಾಂಕಿನವರೂ ಹಿಂದೆಮುಂದೆ ನೋಡುತ್ತಾರಂತೆ. "ಅಕ್ಕಾ, ದಿಬ್ಬದ ಮೇಲೆ ಗೂಡಿನಂಥ ಮನೆಗೂ ಜನ ಕ್ಯೂ ನಿಲ್ತಾರೆ. ನಿಮ್ಮದನ್ನ ಎತ್ತಿ ಅಲ್ಲಿಡೋಕಾಗುತ್ತಾ?" ಎಂದ ಬ್ರೋಕರ್. ಅವನು ತಮಾಷೆಗೆ ಅಂದದ್ದು ನನ್ನ ತಲೆಗೆ ಹುಳ ಬಿಟ್ಟಿತು. ಮನೆಯನ್ನು ಜಾಕಿ ಕೊಟ್ಟು ಎತ್ತುವವರಿದ್ದಾರೆ ಎಂದು ನನ್ನ ಹತ್ತಿರ ಬಟ್ಟೆ ಹೊಲಿಸುವ ಟೀಚರ್ ಹೇಳಿದ್ದರು. ಎತ್ತಿಸಿದರೆ ಒಳ್ಳೆಯ ಬೆಲೆಗೆ ಹೋಗುತ್ತದಲ್ಲ ಎಂದು ಕರೆಸಿಯೇಬಿಟ್ಟೆ. ಖರ್ಚಿಗೆ ಹುಬ್ಬೇರಿಸಬೇಡಿ, ನನ್ನ ಹೊಲಿಗೆಯ ದುಡ್ಡು.

ಗೋಡೆಗಳ ಬುಡ ಅಗೆದು, ಕಬ್ಬಿಣದ ತೊಲೆ ತೂರಿಸಿ, ಸಾಲಾಗಿ ಜಾಕಿ ಇಟ್ಟರು. ಮೇಸ್ತ್ರಿ ಸೀಟಿ ಊದಿದರೆ ಎಲ್ಲರೂ ಒಟ್ಟಿಗೆ ಒಂದೊಂದು ಸುತ್ತು ತಿರುಗಿಸಬೇಕು. ಬೀದಿಗೆ ಬೀದಿಯೇ ಕುರ್ಚಿ ಹಾಕಿಕೊಂಡು ನೋಡುತ್ತಿತ್ತು. ಅತ್ತೆ ಮಾತ್ರ ಹೊರಗೆ ಬರಲೊಲ್ಲರು! "ಇದು ಬಿದ್ರೆ ನಾನೂ ಬೀಳ್ತೀನಿ, ಎದ್ರೆ ನಾನೂ ಏಳ್ತೀನಿ" ಎಂದು ಮಂಚದ ಮೇಲೆ ಕೂತವರು ಮೇಸ್ತ್ರಿ ಕೈಮುಗಿದರೂ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ನಾನೂ ಹೋಗಿ ಪಕ್ಕದಲ್ಲಿ ಕೂತೆ. ಸೀಟಿ ಕೇಳಿಸಿತು. ಒಳಗೆಲ್ಲೋ ಫಟ್ ಎಂದು ಸದ್ದಾಯಿತು. ನಾನು ಅತ್ತೆಯ ಕೈ ಹಿಡಿದುಕೊಂಡೆ. ಮೇಸ್ತ್ರಿ ಓಡಿಬಂದು ನೋಡಿದರೆ, ವರ್ಷಗಟ್ಟಲೆ ಕಚ್ಚಿಕೊಂಡಿದ್ದ ಅಡುಗೆಮನೆ ಕಿಟಕಿ ತಾನಾಗಿ ತೆರೆದುಕೊಂಡಿದೆ! ಮನೆಯ ಆ ಮೂಲೆ ಕುಸಿದಿತ್ತಂತೆ, ಈಗ ನೆಟ್ಟಗಾಯಿತು. ಅತ್ತೆ ನನ್ನ ಕೈ ಬಿಡದೆ, "ನಿನ್ನ ಗಂಡ ಇದನ್ನ ನೋಡ್ಬೇಕಿತ್ತು ಕಣೇ" ಎಂದು ಹುಡುಗಿಯ ಹಾಗೆ ನಕ್ಕರು. ದಿನಕ್ಕಿಷ್ಟು ಎತ್ತಿ, ಕೆಳಗೆ ಇಟ್ಟಿಗೆ ಕಟ್ಟಿ ಮುಗಿಸಿದ್ದಾರೆ. ಮೆಟ್ಟಿಲು ಇನ್ನೂ ಆಗಬೇಕು, ಬಟ್ಟೆ ಹೊಲಿಸುವವರು ಸದ್ಯಕ್ಕೆ ಏಣಿ ಹತ್ತುತ್ತಿದ್ದಾರೆ.

ಅತ್ತೆಯ ಆಶೀರ್ವಾದ ನಿಮಗೆ. ಉಳಿದದ್ದೆಲ್ಲ ನನ್ನದು.

ನಿಮ್ಮವಳು

ಮತ್ತೆ: ಲಕೋಟೆ ಅಂಟಿಸುವ ಹೊತ್ತಿಗೆ ಮಳೆ ಹೊಡೆಯಿತು. ಬೀದಿ ತುಂಬಿದೆ, ನೀರು ನಮ್ಮ ಹೊಸ್ತಿಲ ಕೆಳಗೇ ನಿಂತಿದೆ. ಪಕ್ಕದ ಮನೆಯವರು ಹಾಸಿಗೆ ಸಮೇತ ನಮ್ಮ ಮುಂದಿನ ಕೋಣೆಯಲ್ಲಿದ್ದಾರೆ, ಅತ್ತೆ ಎಲ್ಲರಿಗೂ ಹುಕುಂ ಮಾಡುತ್ತಿದ್ದಾರೆ. ರೀ, ನಾನು ಈ ಮನೆ ಮಾರುವುದಿಲ್ಲ. ಬ್ರೋಕರ್‌ಗೂ ಫೋನ್ ಮಾಡಿ ಹೇಳಿಬಿಟ್ಟೆ. ಬೈಯುವುದಿದ್ದರೆ ಮನೆಗೆ ಬಂದು ಬೈಯಿರಿ.