ಬಾಯಿಬಿಟ್ಟು ಹೇಳದ ಅಂಕಿ

ಶ್ರಾವಣ ಸೋಮವಾರ, ಇಸವಿ ೨೩೯೧

ಮುತ್ತಜ್ಜಿಯರ ಸಾಲಿನ ಗುರುಸಿದ್ದವ್ವ ಟೀಚರಿಗೆ ದಾನವ್ವ ಮಾಡುವ ಶರಣಾರ್ಥಿ.

ಇಸವಿ ಕಂಡು ಗಾಬರಿಯಾಗಬೇಡಿ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ, ಊರ ಶಾಲೆಯಷ್ಟೇ ಕಲಿತವಳು. ಇದು ಹಿಂದೋಲೆ, ಅಂದರೆ ಕಾಲದ ಹಿಂದಕ್ಕೆ ಹೋಗುವ ಕಾಗದ. ನಮ್ಮೂರಿಗೆ ವರ್ಷಕ್ಕೆ ಒಂದೇ. ಇವತ್ತು ನನಗೆ ಉಪವಾಸ. ಕಸ ಹೊಡೆದು, ಪೂಜೆ ಮುಗಿಸಿ, ಕುಡಿಯುವ ನೀರಿನ ತೊಟ್ಟಿಗೆ ದೀಪ ಹಿಡಿದು ಬಂದು ಕೂತಿದ್ದೇನೆ.

ಊರ ದೀಪ ನೋಡಿಕೊಳ್ಳುವವಳು ನಾನೇ. ಕಂಪನದ ಅಂಕಿ ತಿರುಗಿಸಿದಂತೆ ಅದರ ಬೆಳಕು ಬದಲಾಗುತ್ತದೆ. ನಿಮ್ಮ ನೋಟುಬುಕ್ಕಿನ ಲೆಕ್ಕವೇ ಇಂದಿಗೂ ನಮಗೆ ಆಧಾರ: ಬೆಳಕಿನ ವೇಗವನ್ನು ಅಲೆಯ ಉದ್ದದಿಂದ ಭಾಗಿಸಿದರೆ ಕಂಪನ. ಉದ್ದ ನ್ಯಾನೋಮೀಟರಿನಲ್ಲಿದ್ದರೆ ಮೂರು ಲಕ್ಷವನ್ನು ಅದರಿಂದ ಭಾಗಿಸಿದರಾಯಿತು, ದೀಪದ ಅಂಕಿ ಸಿಗುತ್ತದೆ. ನೀರಿನ ರೋಗಾಣು ಕೊಲ್ಲಲು ಇನ್ನೂರ ಅರವತ್ತರ ಅಲೆ, ಅಂಕಿ ಸಾವಿರದ ನೂರ ಐವತ್ತನಾಲ್ಕು. ಕಾಮಾಲೆಯಾದ ಹಸುಗೂಸಿಗೆ ನಾನೂರ ಅರವತ್ತರ ನೀಲಿ, ಅಂಕಿ ಆರುನೂರ ಐವತ್ತೆರಡು. ಅಲೆ ಗಿಡ್ಡವಾದಷ್ಟೂ ಕಂಪನ ಹೆಚ್ಚು, ಅದರ ಜೊತೆ ಶಕ್ತಿಯೂ ಹೆಚ್ಚು. ನೀರಿನ ಬೆಳಕಿಗೆ ಕೂಸಿನ ಬೆಳಕಿನ ಪೌಣೆರಡು, ಅಂದರೆ ಒಂದೂ ಮುಕ್ಕಾಲು ಪಟ್ಟು ಶಕ್ತಿ. ಅದಕ್ಕೇ ಅಂಕಿಯನ್ನು ಗಟ್ಟಿಯಾಗಿ ಹೇಳಬೇಕು, ಕೂಸಿನ ತಾಯಿ ವೈದ್ಯರ ಚೀಟಿ ಹಿಡಿದು ತಾಳೆ ನೋಡಬೇಕು. ಪುಟದ ಅಂಚಿನಲ್ಲಿ ನೀವೇ ಬರೆದಿಟ್ಟ ಕಟ್ಟಳೆ ಅದು.

ಹೋದ ಸೋಮವಾರ ನಾನು ಮೌನವ್ರತ ಹಿಡಿದಿದ್ದೆ. ಪಕ್ಕದ ಮನೆಯ ಸಾವಂತ್ರೆವ್ವ ಕಾಮಾಲೆಯಾದ ತನ್ನ ಎಂಟು ದಿನದ ಕೂಸನ್ನು ತಂದಳು. ಲೆಕ್ಕ ಬರೆಯುವ ಪಾಟಿಯ ಮೇಲೆ ಬೆಳಗಿನ ನೀರಿನ ಇನ್ನೂರ ಅರವತ್ತು ಹಾಗೇ ಇತ್ತು, ಮೂರು ಲಕ್ಷವನ್ನು ಅದರಿಂದಲೇ ಭಾಗಿಸಿದೆ. ಕೂಸಿನ ಕಣ್ಣಿಗೆ ಬಟ್ಟೆ ಕಟ್ಟಿ, ಬೆಳಕಿನ ತೊಟ್ಟಿಲಲ್ಲಿ ಮಲಗಿಸಿ, ಮುಚ್ಚಳ ಹಾಕಿ ದೀಪ ಹೊತ್ತಿಸಿದೆ. ಮುಚ್ಚಳ ಹಾಕಿದ ಮೇಲೆ ಒಳಗಿನ ಬಣ್ಣ ಕಾಣದು.

"ಯಾಕ್ರೀ ಅತ್ತಿ, ಅಂಕಿ ಹೇಳಲೇ ಇಲ್ಲ? ಸರಿ ಐತಿಲ್ರೀ?" ಎಂದು ಕೇಳಿದಳು. ವ್ರತ ಕೆಟ್ಟೀತೆಂದು, ಸರಿಯಿದೆ ಎನ್ನುವಂತೆ ತಲೆಯಾಡಿಸಿದೆ.

ಸಂಜೆಗೆ ಕೂಸಿನ ಬೆನ್ನು ಬೆಂದಂತೆ ಕೆಂಪಾಗಿತ್ತು. "ನಾ ಹಚ್ಚಿದ ಔಡಲೆಣ್ಣೀನ ಬೆನ್ನು ಸುಟ್ಟಿತ್ರೀ ಅತ್ತಿ, ಎಂಥಾ ತಾಯಿ ನಾ!" ಎಂದು ಅವಳು ಅತ್ತಳು. ಅಷ್ಟರಲ್ಲಿ ಪಾಟಿ ನೋಡಿ ನನಗೆ ಎಲ್ಲ ತಿಳಿದಿತ್ತು. ವ್ರತವೂ ಮುಗಿದಿತ್ತು. ಆದರೂ ನನ್ನ ಬಾಯಿ ತೆರೆಯಲಿಲ್ಲ. ಲೆಕ್ಕ ತಪ್ಪಿದ್ದಕ್ಕೆ ದೇವರ ಮುಂದೆ ಅತ್ತೆ. ನಿಜ ಹೇಳದ್ದಕ್ಕೆ ಅಳಲೂ ನಾಚಿಕೆ. ಕೂಸು ಈಗ ಹಾಲು ಕುಡಿಯುತ್ತಿದೆ, ಬೆನ್ನು ಮಾಯುತ್ತಿದೆ. ಅವಳು ಮಾತ್ರ ಅದಕ್ಕೆ ಎಣ್ಣೆ ಮುಟ್ಟಿಸಲು ಇಂದಿಗೂ ಹೆದರುತ್ತಾಳೆ.

ಅಜ್ಜಿ, ನನ್ನನ್ನು ಬೈದು ಬರೆಯಿರಿ. ನಡೆದದ್ದೆಲ್ಲ ಅದರಲ್ಲಿರಲಿ. ನಿಮ್ಮ ಉತ್ತರ ಬರುವುದು ಊರ ಕಾಗದಗಳೆಲ್ಲ ಬಂದು ಸೇರುವ ನಮ್ಮ ಓಲೆಕಟ್ಟೆಗೆ. ಅದನ್ನು ತರಲು ನಾನು ಹೋಗುವುದಿಲ್ಲ. ಸಾವಂತ್ರೆವ್ವನೇ ತರಲಿ, ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಓದಲಿ. ಓದಿ ಮುಗಿಯುವವರೆಗೂ ನಾನು ಅವಳ ಎದುರಿಗೇ ನಿಂತಿರುತ್ತೇನೆ.